ಓಡುತ್ತಿದ್ದವರನ್ನು ನಿಧಾನ ಮಾಡಿಸಿದ ಲೆಕ್ಕ

ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಇಂದು ಬೆಳಿಗ್ಗೆ ಜಿಮ್‌ನಲ್ಲಿ ಟ್ರೆಡ್‌ಮಿಲ್ ಮೇಲೆ ಒಳ್ಳೆಯ ಲಯದಲ್ಲಿ ಓಡುತ್ತಿದ್ದರು. ಮುಖದಲ್ಲಿ ಆಯಾಸಕ್ಕಿಂತ ಖುಷಿಯೇ ಹೆಚ್ಚಾಗಿತ್ತು. ಅಷ್ಟರಲ್ಲಿ ತರಬೇತುದಾರ ಬಂದು, “ಮೇಡಂ, ಫ್ಯಾಟ್ ಬರ್ನಿಂಗ್ ಜೋನ್ ದಾಟಿಬಿಟ್ಟಿದ್ದೀರಿ, ಹೀಗೆ ಓಡಿದರೆ ಕೊಬ್ಬು ಕರಗುವುದಿಲ್ಲ” ಎಂದು ಹೇಳಿ, ಗುಂಡಿ ಒತ್ತಿ ವೇಗವನ್ನು ಇಳಿಸಿಯೇಬಿಟ್ಟ. ಅವರು ಏನೋ ಅಪರಾಧ ಮಾಡಿದವರಂತೆ ನಡಿಗೆಗೆ ಇಳಿದರು. ಪಕ್ಕದ ಯಂತ್ರದ ಮೇಲಿದ್ದ ನನ್ನ ಹೃದಯ ಬಡಿತ ಆಗ ಎಷ್ಟಿತ್ತೆಂದು ಕೇಳಬೇಡಿ. ಅದು ಓಟದಿಂದ ಏರಿದ್ದಲ್ಲ. ನನ್ನ ಶರೀರಕ್ರಿಯಾಶಾಸ್ತ್ರದ ತರಗತಿಯಲ್ಲಿ ಕೂತು ಎದ್ದವರಿಗೆ ಮುಂದಿನದು ಗೊತ್ತೇ ಇರುತ್ತದೆ, ಅವರು ಇಲ್ಲಿಗೇ ಓದು ನಿಲ್ಲಿಸಬಹುದು.

ಈ ಜೋನ್, ಅಂದರೆ ಹೃದಯ ಬಡಿತ ಇಷ್ಟರೊಳಗೆ ಇದ್ದರೆ ಮಾತ್ರ ಕೊಬ್ಬು ಚೆನ್ನಾಗಿ ಕರಗುತ್ತದೆ ಎಂದು ಯಂತ್ರದ ಮೇಲೆ ಬಣ್ಣದ ಪಟ್ಟಿಯಲ್ಲಿ ತೋರಿಸುವ ವ್ಯಾಪ್ತಿ, ಎಂಬ ಕಲ್ಪನೆ ಪೂರ್ತಿ ಸುಳ್ಳಾಗಿದ್ದರೆ ನನಗಿಷ್ಟು ಸಿಟ್ಟು ಬರುತ್ತಿರಲಿಲ್ಲ. ನಿಧಾನವಾಗಿ ನಡೆಯುವಾಗ ದೇಹವು ತನಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲನ್ನು ಕೊಬ್ಬಿನಿಂದ ಪಡೆಯುತ್ತದೆ, ವೇಗ ಹೆಚ್ಚಿದಂತೆ ಸ್ನಾಯುಗಳಲ್ಲಿ ಕೂಡಿಟ್ಟ ಕಾರ್ಬೊಹೈಡ್ರೇಟ್ ಆದ ಗ್ಲೈಕೊಜೆನ್‌ನ ಪಾಲು ಏರುತ್ತದೆ ಎಂಬುದು ನಿಜ. ಉಸಿರಿನಲ್ಲಿ ಹೊರಹೋಗುವ ಇಂಗಾಲದ ಡೈಆಕ್ಸೈಡ್ ಮತ್ತು ಒಳಗೆ ಬಳಕೆಯಾಗುವ ಆಮ್ಲಜನಕದ ಅನುಪಾತವನ್ನು ಅಳೆದರೆ ಇದು ತಿಳಿಯುತ್ತದೆ: ಬರೀ ಕೊಬ್ಬು ಉರಿಯುತ್ತಿದ್ದರೆ ಅದು 0.7ರ ಹತ್ತಿರ, ಬರೀ ಕಾರ್ಬೊಹೈಡ್ರೇಟ್ ಉರಿಯುತ್ತಿದ್ದರೆ 1. ಆದರೆ ಪಾಲು ಬೇರೆ, ಮೊತ್ತ ಬೇರೆ. ಉದಾಹರಣೆಗೆ, ಒಬ್ಬರು ಅರ್ಧ ಗಂಟೆ ನಿಧಾನವಾಗಿ ನಡೆದು 150 ಕ್ಯಾಲೊರಿ ಖರ್ಚು ಮಾಡಿದರು, ಅದರಲ್ಲಿ ಶೇ. 60 ಕೊಬ್ಬಿನಿಂದ ಬಂತು ಎಂದುಕೊಳ್ಳೋಣ. ಅಂದರೆ 90 ಕ್ಯಾಲೊರಿ, ಗ್ರಾಮಿಗೆ 9ರಂತೆ 10 ಗ್ರಾಂ ಕೊಬ್ಬು. ಅವರೇ ಅಷ್ಟೇ ಹೊತ್ತು ಓಡಿ 300 ಕ್ಯಾಲೊರಿ ಖರ್ಚು ಮಾಡಿ, ಅದರಲ್ಲಿ ಶೇ. 40 ಮಾತ್ರ ಕೊಬ್ಬಿನಿಂದ ಬಂದರೂ 120 ಕ್ಯಾಲೊರಿ, ಅಂದರೆ 13 ಗ್ರಾಮಿಗೂ ಹೆಚ್ಚು. ಪಾಲು ಇಳಿಯಿತು, ಮೊತ್ತ ಏರಿತು, ಒಟ್ಟು ಖರ್ಚು ದುಪ್ಪಟ್ಟಾಯಿತು. ಇದು ಶಾಲೆಯ ಮಕ್ಕಳು ಮಾಡುವ ಶೇಕಡಾವಾರು ಲೆಕ್ಕ. ಪಾಲನ್ನೇ ನೋಡುವುದಾದರೆ, ಖಾಲಿ ಹೊಟ್ಟೆಯಲ್ಲಿ ಹಾಸಿಗೆಯ ಮೇಲೆ ಮಲಗಿರುವವನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬಿನಿಂದಲೇ ಬರುತ್ತಿರುತ್ತದೆ. ಆ ತರಬೇತುದಾರ ಟ್ರೆಡ್‌ಮಿಲ್‌ಗಳನ್ನೆಲ್ಲ ಮಾರಿ ಮಂಚಗಳನ್ನು ತರಿಸಿಕೊಳ್ಳುವುದು ಒಳ್ಳೆಯದು.

ವೇಗ ಇನ್ನೂ ಹೆಚ್ಚಾದರೆ ಕೊಬ್ಬಿನ ಮೊತ್ತವೂ ಇಳಿಯುತ್ತದಲ್ಲ ಎಂದು ತಿಳಿದವರು ಕೇಳುತ್ತಾರೆ. ಇಳಿಯುತ್ತದೆ, ಒಪ್ಪುತ್ತೇನೆ. 1993ರಲ್ಲಿ ರೋಮೈನ್ ಮತ್ತು ಸಂಗಡಿಗರು ಪಳಗಿದ ಸೈಕಲ್ ಸವಾರರನ್ನು ಅವರ ಗರಿಷ್ಠ ಆಮ್ಲಜನಕ ಬಳಕೆಯ ಶೇ. 25, 65 ಮತ್ತು 85ರ ಮಟ್ಟದಲ್ಲಿ ಪರೀಕ್ಷಿಸಿದಾಗ, ಕೊಬ್ಬು ಅತಿ ಹೆಚ್ಚು ಉರಿದದ್ದು ಶೇ. 65ರಲ್ಲಿ, 85ರಲ್ಲಿ ಕಡಿಮೆಯಾಯಿತು. ಆದರೆ ಶೇ. 65 ಎಂಬುದು ಆರಾಮದ ಅಡ್ಡಾಟವಲ್ಲ ಎಂಬುದನ್ನು ಗಮನಿಸಿ. ಅದಕ್ಕಿಂತ ಮುಖ್ಯವಾದ ವಿಷಯವೆಂದರೆ, ವ್ಯಾಯಾಮದ ಆ ಅರ್ಧ ಗಂಟೆಯಲ್ಲಿ ಯಾವ ಇಂಧನ ಉರಿಯಿತು ಎಂಬುದು ತಿಂಗಳುಗಳ ನಂತರ ಸೊಂಟದ ಸುತ್ತ ಎಷ್ಟು ಕೊಬ್ಬು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದಿಲ್ಲ. ಬೆಳಿಗ್ಗೆ ಗ್ಲೈಕೊಜೆನ್ ಹೆಚ್ಚು ಖರ್ಚು ಮಾಡಿದ ದೇಹವು ಉಳಿದ ಹೊತ್ತಿನಲ್ಲಿ ಕೊಬ್ಬನ್ನು ಹೆಚ್ಚು ಬಳಸಿ ಸರಿದೂಗಿಸುತ್ತದೆ. ಎಡಗಿಸೆಯಿಂದ ಕೊಟ್ಟರೇನು, ಬಲಗಿಸೆಯಿಂದ ಕೊಟ್ಟರೇನು, ರಾತ್ರಿ ಎಣಿಸುವಾಗ ಉಳಿಯುವುದು ಒಂದೇ ಮೊತ್ತ. ಸಾಧಾರಣ ವ್ಯಾಯಾಮ ಮಾಡಿಸಿ, ಖರ್ಚಾದಷ್ಟನ್ನು ಊಟದಲ್ಲಿ ಮರಳಿ ಕೊಟ್ಟು, ಇಡೀ 24 ಗಂಟೆ ಕೊಠಡಿಯಲ್ಲಿಟ್ಟು ಅಳೆದ ಪ್ರಯೋಗಗಳಲ್ಲಿ ದಿನದ ಒಟ್ಟು ಕೊಬ್ಬಿನ ಬಳಕೆ ಹೆಚ್ಚಲೇ ಇಲ್ಲ. ಇತ್ತ, ಕೆಲವೇ ನಿಮಿಷಗಳ ತೀವ್ರ ಇಂಟರ್ವಲ್ ತರಬೇತಿಯಿಂದ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಮಾಡುವ ವ್ಯಾಯಾಮದಿಂದ) ದಿನವಿಡೀ ಕೊಬ್ಬು ಉರಿಯುತ್ತಲೇ ಇರುತ್ತದೆ ಎಂದು ಮಾರುವವರೂ ನಗಬೇಕಾಗಿಲ್ಲ. ಅದನ್ನು ನಿರಂತರ ಸಾಧಾರಣ ವ್ಯಾಯಾಮದೊಂದಿಗೆ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ, ಕೊಬ್ಬಿನ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ಆ ಜೋನಿನ ಗಡಿಯನ್ನು ಎಳೆದವರು ಯಾರು? ಬಹುಪಾಲು ಕಡೆ ಗರಿಷ್ಠ ಹೃದಯ ಬಡಿತವನ್ನು ಅಂದಾಜಿಸುವ ಅದೇ ಹಳೆಯ ಸೂತ್ರ: 220ರಿಂದ ವಯಸ್ಸನ್ನು ಕಳೆಯಿರಿ, ಬಂದದ್ದರ ಇಷ್ಟು ಶೇಕಡಾ ಜೋನ್. 1971ರಲ್ಲಿ ಫಾಕ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಿಂದ ಬಂದ ಈ ಗೆರೆ, ಅದಾಗಲೇ ಇದ್ದ ಹಲವು ಅಧ್ಯಯನಗಳ ಅಂಕಿಗಳ ನಡುವೆ ಹೆಚ್ಚುಕಡಿಮೆ ಕಣ್ಣಂದಾಜಿನಲ್ಲಿ ಎಳೆದದ್ದು. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಇದಕ್ಕಿಂತ ಉತ್ತಮವಾದ ಸೂತ್ರ ಕೊಟ್ಟರು: ವಯಸ್ಸಿನ 0.7ರಷ್ಟನ್ನು 208ರಿಂದ ಕಳೆಯಬೇಕು. ಯಾವ ಸೂತ್ರ ಹಿಡಿದರೂ ಒಬ್ಬರಿಂದೊಬ್ಬರಿಗೆ ಹತ್ತು ಹನ್ನೆರಡು ಬಡಿತಗಳ ಅಂತರ ತೀರಾ ಸಾಮಾನ್ಯ. 50 ವರ್ಷದವರಿಗೆ ಯಂತ್ರ 170 ಎಂದು ತೋರಿಸಿದರೂ, ನಿಜವಾದ ಗರಿಷ್ಠ ಬಡಿತ 158 ಇರಬಹುದು, 182 ಇರಬಹುದು. ಇದರ ಮೇಲೆ ಇನ್ನೊಂದು ತಮಾಷೆಯಿದೆ. ಗರಿಷ್ಠ 170ರ ಶೇ. 60 ಅಂದರೆ 102. ಆದರೆ 1957ರ ಕಾರ್ವೊನೆನ್ ವಿಧಾನದಂತೆ ವಿಶ್ರಾಂತಿಯ 60 ಬಡಿತವನ್ನು ಕಳೆದು, ಉಳಿದ 110ರ ಶೇ. 60 ತೆಗೆದು, ಮತ್ತೆ 60 ಕೂಡಿಸಿದರೆ 126. ಅದೇ ವ್ಯಕ್ತಿ, ಅದೇ ಶೇ. 60, ಒಂದು ಪಟ್ಟಿಯಲ್ಲಿ ತೂಕಡಿಸುವಂಥ ನಡಿಗೆ, ಇನ್ನೊಂದರಲ್ಲಿ ಬೆವರಿಳಿಸುವ ನಡಿಗೆ. ಇಂಥ ಗಡಿಯನ್ನು ದಾಟಿದಿರಿ ಎಂದು ಒಬ್ಬರ ಓಟವನ್ನು ನಿಲ್ಲಿಸುವ ಧೈರ್ಯ ನನಗಂತೂ ಇಲ್ಲ.

ಇಷ್ಟೆಲ್ಲ ಬೈಯುವ ನನ್ನ ಕೈಯಲ್ಲೂ ಬಡಿತ ಎಣಿಸುವ ವಾಚ್ ಇದೆ ಎಂಬುದನ್ನು ಯಾರಾದರೂ ಬಯಲು ಮಾಡುವ ಮೊದಲು ನಾನೇ ಹೇಳಿಬಿಡುತ್ತೇನೆ. ಅದು ಶಹಬ್ಬಾಸ್ ಎಂದಾಗ ನನಗೆ ನಾಚಿಕೆಯಿಲ್ಲದಷ್ಟು ಖುಷಿಯಾಗುತ್ತದೆ.

ನಿಧಾನದ ವ್ಯಾಯಾಮಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳುವವರಿಗೆ: ಖಂಡಿತ ಇದೆ. ಹೊಸಬರಿಗೆ, ಮಂಡಿನೋವಿನವರಿಗೆ, ದೀರ್ಘ ಹೊತ್ತು ದಣಿಯದೆ ಸಾಗಬೇಕಾದವರಿಗೆ ಅದೇ ಸರಿ. ದೂರದ ಓಟದ ಪಳಗಿದ ಓಟಗಾರರೂ ತಮ್ಮ ಅಭ್ಯಾಸದ ಬಹುಭಾಗವನ್ನು ಹಗುರವಾಗಿಯೇ ಓಡುತ್ತಾರೆ. ಹಾಗಿದ್ದರೆ ಆ ನಿಜವಾದ ಕಾರಣಗಳನ್ನೇ ಹೇಳಿ. ಹೇಗೋ ಜನ ನಡೆಯುತ್ತಾರಲ್ಲ ಎಂಬ ಸಮಾಧಾನವೂ ನನಗೆ ಬೇಡ, ಏಕೆಂದರೆ ಇಲ್ಲಿ ಕುಳಿತವರನ್ನು ಯಾರೂ ಎಬ್ಬಿಸಲಿಲ್ಲ, ಓಡುತ್ತಿದ್ದವರನ್ನು ತಡೆದರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ ಅಥವಾ 75ರಿಂದ 150 ನಿಮಿಷ ತೀವ್ರ ವ್ಯಾಯಾಮ ಎಂದು ಹೇಳುತ್ತದೆ. ತೀವ್ರವಾದದ್ದಕ್ಕೆ ಅರ್ಧ ಸಮಯ ಸಾಕು ಎಂಬುದೇ ಅಲ್ಲಿನ ಲೆಕ್ಕ.

ತೀವ್ರತೆಯನ್ನು ಅಳೆಯಲೇಬೇಕೆಂದರೆ ಮಾತಾಡಿ ನೋಡಿ: ಮಾತು ಸಲೀಸಾಗಿ ಬಂದು ಹಾಡಲು ಮಾತ್ರ ಆಗದಿದ್ದರೆ ಅದು ಸಾಧಾರಣ, ನಾಲ್ಕು ಮಾತಿಗೊಮ್ಮೆ ಉಸಿರು ಎಳೆಯಬೇಕಾದರೆ ತೀವ್ರ. ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಬಡಿತ ಏರುವುದೇ ಕಡಿಮೆ, ಆದ್ದರಿಂದ ಯಂತ್ರದ ಬಣ್ಣದ ಪಟ್ಟಿ ಅವರಿಗೆ ಅನ್ವಯಿಸುವುದೇ ಇಲ್ಲ. ಎಷ್ಟು ಜೋರಾಗಿ ಓಡಬಹುದೆಂದು ಅವರು ಕೇಳಬೇಕಾದದ್ದು ಮಾತ್ರೆ ಬರೆದುಕೊಟ್ಟ ವೈದ್ಯರನ್ನು.