ಬೆಲೆ ಬಿದ್ದ ವರ್ಷ ಬರುತ್ತೀರಾ?

ಚಾಕೊಲೇಟ್ ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ, ಇವಳಿಗೆ ರುಚಿಸಲಿಲ್ಲ, ಅದಕ್ಕೇ ಸಿಟ್ಟು ಎಂದು ಯಾರೂ ತಿಳಿಯಬಾರದು.

ನಿನ್ನೆ ಸಂಜೆ ಬೆಂಗಳೂರಿನ ಒಂದು ಚಾಕೊಲೇಟ್ ಅಂಗಡಿಗೆ ಹೋಗಿದ್ದೆ. ಬೀಜ ಹುರಿಯುವುದರಿಂದ ಹಿಡಿದು ಅಚ್ಚಿಗೆ ಎರೆಯುವ ತನಕ ಎಲ್ಲವನ್ನೂ ತಾವೇ ಮಾಡುವವರು. ಗಾಜಿನ ಗೋಡೆಯ ಆಚೆ ಕಲ್ಲಿನ ಗ್ರೈಂಡರುಗಳು ತಿರುಗುತ್ತಿದ್ದವು. ನಮ್ಮ ಮನೆಗಳಲ್ಲಿ ಇಡ್ಲಿಗೆ ಉದ್ದು ರುಬ್ಬುವ ಅದೇ ಬಗೆಯ ಯಂತ್ರ, ಒಳಗೆ ಮಾತ್ರ ಕಡುಕಂದು ಬಣ್ಣದ ಮಿನುಗುವ ಪಾಕ. ಎರಡು ಮೂರು ದಿನ ಬಿಡದೆ ರುಬ್ಬಿದರೆ ನಾಲಿಗೆಗೆ ತರಿ ಸಿಗದಷ್ಟು ನುಣುಪಾಗುತ್ತದೆ. 70 ಶೇಕಡಾ ಕೊಕ್ಕೋ ಇರುವ ಒಂದು ಚೂರನ್ನು ಬಾಯಿಗಿಟ್ಟೆ. ಮೊದಲು ಕಹಿ, ಅದರ ಬೆನ್ನಿಗೇ ಸಣ್ಣಗೆ ಹಣ್ಣಿನ ಹುಳಿ. ಕೊಕ್ಕೋ ಕಾಯಿ ಒಡೆದು ಬೀಜದ ಮೇಲಿನ ಬಿಳಿ ಲೋಳೆಯನ್ನು ಚೀಪಿ ಬೆಳೆದವರಿಗೆ ಆ ಹುಳಿಯ ಪರಿಚಯ ಬೇಕಿಲ್ಲ. ನಿಜಕ್ಕೂ ಖುಷಿಯಾಯಿತು. ನಮ್ಮ ತೋಟದ ಬೆಳೆ ಇಷ್ಟು ಮರ್ಯಾದೆಯಿಂದ ಕುಳಿತಿರುವುದನ್ನು ನಾನು ನೋಡಿದ್ದೇ ಅಪರೂಪ.

ಆಮೇಲೆ ಹೊದಿಕೆಯನ್ನು ಓದಿದೆ. ನೈತಿಕವಾಗಿ ಕೊಂಡ, ಇಲ್ಲಿಯೇ ಬೆಳೆದ ಕೊಕ್ಕೋ ಎಂದು ಬರೆದಿತ್ತು.

"ಇದು ಯಾವ ಊರಿನ ಬೀಜ?" ಎಂದು ಕೌಂಟರಿನಲ್ಲಿದ್ದ ಹುಡುಗನನ್ನು ಕೇಳಿದೆ.

"ಪಶ್ಚಿಮ ಘಟ್ಟದ್ದು ಮೇಡಂ."

ಪಶ್ಚಿಮ ಘಟ್ಟ ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯ ತನಕ ಇದೆ. ಯಾವ ತಾಲ್ಲೂಕು ಎಂದರೆ ಗೊತ್ತಿಲ್ಲ. ಬೆಳೆಗಾರರಿಗೆ ಕಿಲೋಗೆ ಎಷ್ಟು ಕೊಡುತ್ತೀರಿ ಎಂದರೆ, "ಮಾರುಕಟ್ಟೆಗಿಂತ ಜಾಸ್ತಿ ಮೇಡಂ." ಎಷ್ಟು ಜಾಸ್ತಿ? ಹೋದ ವರ್ಷ ಕೊಂಡ ತೋಟದಿಂದಲೇ ಈ ವರ್ಷವೂ ಕೊಂಡಿರಾ? ಅವನು ಒಳಗೆ ಹೋಗಿ ಯಾರನ್ನೋ ವಿಚಾರಿಸಿಕೊಂಡು ಬಂದ. "ಅದನ್ನು ಹೊರಗೆ ಹೇಳುವ ಹಾಗಿಲ್ಲವಂತೆ ಮೇಡಂ, ವ್ಯಾಪಾರದ ವಿಷಯ." ಹುಡುಗನ ತಪ್ಪಿಲ್ಲ. ಇದೇ ಬೀಜದಲ್ಲಿ ಯಾವ ಹಣ್ಣಿನ ವಾಸನೆ, ಯಾವ ಹೂವಿನ ಪರಿಮಳ ಇದೆ ಎಂದು ಅವನು ಅಷ್ಟು ಹೊತ್ತು ಚೆಂದವಾಗಿ ವಿವರಿಸಿದ್ದ. ಅವನಿಗೆ ಕಲಿಸಿದ್ದು ಅಷ್ಟನ್ನೇ. ನನ್ನ ಸಿಟ್ಟು ಕಲಿಸಿದವರ ಮೇಲೆ.

ನಾನು ವಿಟ್ಲದ ಕಡೆಯ ಅಡಿಕೆ ತೋಟದ ಮನೆಯವಳು ಎಂಬುದು ಇಲ್ಲಿರುವ ನಿಮಗೆಲ್ಲ ಗೊತ್ತು. ಅಡಿಕೆಯ ದುಡ್ಡು ವರ್ಷಕ್ಕೆ ಒಂದೆರಡು ಸಲ ಒಟ್ಟಾಗಿ ಬರುತ್ತದೆ, ಬಂದ ಹಾಗೆಯೇ ಸಾಲಕ್ಕೂ ಗೊಬ್ಬರಕ್ಕೂ ಹೋಗುತ್ತದೆ. ಕೊಕ್ಕೋ ಹಾಗಲ್ಲ. ಅಡಿಕೆ ಮರದ ನೆರಳಿನಲ್ಲಿ ನಿಂತು, ಕಾಂಡಕ್ಕೇ ಕಾಯಿ ಅಂಟಿಸಿಕೊಂಡು, ಸೀಸನ್ ಇದ್ದಷ್ಟು ಕಾಲ ವಾರಕ್ಕೋ ಹದಿನೈದು ದಿನಕ್ಕೋ ಕೈಗೆ ಕಾಸು ಕೊಡುವ ಗಿಡ ಅದು. ನಮ್ಮ ಮನೆಯಲ್ಲಿ ಆ ಕಾಸು ಅಮ್ಮನ ಕೈಗೆ ಬರುತ್ತಿತ್ತು. ಕಾಯಿ ಒಡೆಯುವವರೂ ಅವರೇ: ಮರದ ತುಂಡಿಗೆ ಕಾಯಿಯನ್ನು ಒಂದೇ ಏಟು ಬಡಿದು ಎರಡು ಹೋಳು ಮಾಡಿ, ಹೆಬ್ಬೆರಳು ತೂರಿಸಿ, ಒಳಗಿನ ಮೂವತ್ತು ನಲವತ್ತು ಬೀಜಗಳನ್ನು ಒಂದೇ ಎಳೆತಕ್ಕೆ ಬುಟ್ಟಿಗೆ ಸುರಿಯುತ್ತಿದ್ದರು. ದಿನಸಿ, ಔಷಧ, ನನ್ನ ಕಾಲೇಜಿನ ಫೀಸು, ಎಲ್ಲದರಲ್ಲೂ ಆ ಲೋಳೆ ಅಂಟಿದ ಬೆರಳುಗಳ ಪಾಲಿದೆ. ಇದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ನಿನ್ನೆಯ "ಹೇಳುವ ಹಾಗಿಲ್ಲ" ಎಂಬ ಉತ್ತರ ಬರೆಸಿತು.

ದಕ್ಷಿಣ ಕನ್ನಡದ ಕೊಕ್ಕೋ ಬೆಳೆಗಾರನನ್ನು ಕೇಳಿ ನೋಡಿ. ಕೊಳ್ಳುವವರ ನೀತಿಯನ್ನು ಅವನು ಒಂದೇ ಪ್ರಶ್ನೆಯಿಂದ ಅಳೆಯುತ್ತಾನೆ: ಬೆಲೆ ಬಿದ್ದ ವರ್ಷ ಬರುತ್ತೀರಾ? ಎಪ್ಪತ್ತರ ದಶಕದಲ್ಲಿ, ಬೆಳೆಯಿರಿ ನಾವಿದ್ದೇವೆ ಎಂಬ ಮಾತು ನಂಬಿ ನಮ್ಮ ಹಿರಿಯರು ತೋಟದ ತುಂಬ ಕೊಕ್ಕೋ ನೆಟ್ಟರು. 1980ರ ಹೊತ್ತಿಗೆ ಅಂತರರಾಷ್ಟ್ರೀಯ ಬೆಲೆ ಕುಸಿಯಿತು, ಖಾಸಗಿ ಕೊಳ್ಳುಗರು ಹಿಂದೆ ಸರಿದರು. ಫಲ ಬಿಡುತ್ತಿದ್ದ ಗಿಡಗಳನ್ನು ಎಷ್ಟೋ ಮನೆಯವರು ತಮ್ಮ ಕೈಯಾರೆ ಕಡಿದು ಹಾಕಿದರು. ಅಂಥ ಹೊತ್ತಿನಲ್ಲಿ ಖರೀದಿಗೆ ಇಳಿದದ್ದು ಕ್ಯಾಂಪ್ಕೊ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಬೆಳೆಗಾರರ ಸಹಕಾರ ಸಂಸ್ಥೆ. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಶುರು ಮಾಡಿತು. ಅದರ ಹೊದಿಕೆಗಳ ಮೇಲೆ ದೊಡ್ಡ ಮಾತುಗಳಿರಲಿಲ್ಲ. ಆದರೆ ಬೆಲೆ ಬಿದ್ದಾಗ ಬೀಜ ಕೊಂಡಿತು. ಇಂದು ನಮ್ಮೂರಿನಲ್ಲಿ ಕೊಕ್ಕೋ ಗಿಡ ಉಳಿದಿದ್ದರೆ ಅದರಿಂದ. ನನ್ನ ಪಾಲಿಗೆ ನೈತಿಕ ಖರೀದಿ ಎಂದರೆ ಅದು.

ಇತ್ತೀಚೆಗೆ ಏನಾಯಿತು ನೋಡಿ. ಪಶ್ಚಿಮ ಆಫ್ರಿಕಾದಲ್ಲಿ ಮಳೆಯೂ ರೋಗವೂ ಸೇರಿ ಫಸಲು ಕೈಕೊಟ್ಟಿತು. 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕೊಕ್ಕೋ ಬೆಲೆ ಟನ್ನಿಗೆ 12,000 ಡಾಲರ್ ದಾಟಿತು. ಅದಕ್ಕೂ ಮೊದಲೇ, ಆ ವರ್ಷದ ಬೇಸಿಗೆಯಲ್ಲಿ, ನಮ್ಮಲ್ಲಿ ಎರಡಂಕಿಯಲ್ಲಿ ತೆವಳುತ್ತಿದ್ದ ಹಸಿ ಬೀಜದ ದರ ಕಿಲೋಗೆ 300 ರೂಪಾಯಿಯ ಆಸುಪಾಸಿಗೆ ಏರಿತ್ತು. ಎಲ್ಲೆಲ್ಲಿಂದಲೋ ಗಾಡಿಗಳು ಅಂಗಳಕ್ಕೇ ಬಂದವು. 2025ರಲ್ಲಿ ದರ ಇಳಿಯಿತು. "ಅವತ್ತು ನಂಬರ್ ಕೊಟ್ಟು ಹೋದವರು ಈಗ ಫೋನ್ ಎತ್ತುವುದಿಲ್ಲ" ಎಂದು ಅಣ್ಣ ಹೇಳಿದ. ಅವನ ದನಿಯಲ್ಲಿ ಬೇಸರವೂ ಇರಲಿಲ್ಲ. ಅದು ಅವನಿಗೆ ಅಭ್ಯಾಸವಾಗಿರುವುದು ನನಗೆ ಸಹಿಸಲಾಗದ ಸಂಗತಿ.

ಸ್ವಲ್ಪ ಲೆಕ್ಕ ಹಾಕೋಣ. 70 ಗ್ರಾಂ ತೂಕದ, 70 ಶೇಕಡಾ ಕೊಕ್ಕೋ ಇರುವ ಚಾಕೊಲೇಟ್ ಬಾರ್‌ನಲ್ಲಿ ಕೊಕ್ಕೋ ಇರುವುದು 49 ಗ್ರಾಂ. ಸಿಪ್ಪೆ, ತೇವ ಕಳೆಯುವುದನ್ನು ಸೇರಿಸಿದರೆ ಅದಕ್ಕೆ ಅರುವತ್ತು ಚಿಲ್ಲರೆ ಗ್ರಾಂ ಒಣ ಬೀಜ ಬೇಕು. ಮೂರು ಕಿಲೋ ಹಸಿ ಬೀಜ ಒಣಗಿದರೆ ಹೆಚ್ಚುಕಡಿಮೆ ಒಂದು ಕಿಲೋ. ಅಂದರೆ ಒಂದು ಬಾರ್‌ಗೆ ಸುಮಾರು 200 ಗ್ರಾಂ ಹಸಿ ಬೀಜ. ದರ 300 ಇದ್ದಾಗ ತೋಟಕ್ಕೆ 60 ರೂಪಾಯಿ, 100ಕ್ಕೆ ಇಳಿದರೆ 20. ನಾನು ಕೊಟ್ಟದ್ದು 380. ಬಾರ್‌ಗೆ 380 ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಹುರಿಯುವ, ರುಬ್ಬುವ, ಬಾಡಿಗೆ ಕಟ್ಟುವ, ಸಂಬಳ ಕೊಡುವ ಖರ್ಚು ನನಗೆ ಅರ್ಥವಾಗುತ್ತದೆ. ಆ 20 ಮತ್ತು 60ರ ನಡುವೆ ನೀವು ಎಲ್ಲಿ ನಿಂತಿದ್ದೀರಿ ಎಂಬ ಒಂದು ಸಾಲು ಹೊದಿಕೆಯ ಮೇಲೆ ಏಕಿಲ್ಲ?

ಅಂಗಡಿಯ ಗೋಡೆಯ ಮೇಲೆ ಬಾಲಕಾರ್ಮಿಕರಿಲ್ಲದ ಚಾಕೊಲೇಟ್ ಎಂಬ ಬರಹವೂ ಇತ್ತು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೋ ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾಗಳಲ್ಲಿ ಅದು ಭೀಕರ ಪ್ರಶ್ನೆ. 2005ರೊಳಗೆ ಬಾಲದುಡಿಮೆಯ ಅತಿ ಕೆಟ್ಟ ರೂಪಗಳನ್ನು ಕೊನೆಗಾಣಿಸುತ್ತೇವೆ ಎಂದು ದೊಡ್ಡ ಕಂಪನಿಗಳು 2001ರಲ್ಲಿ ಮಾತು ಕೊಟ್ಟವು. 2020ರ ಒಂದು ಅಧ್ಯಯನ ಆ ಎರಡು ದೇಶಗಳ ಕೊಕ್ಕೋ ಪ್ರದೇಶಗಳಲ್ಲಿ ಇನ್ನೂ ಸುಮಾರು 15.6 ಲಕ್ಷ ಮಕ್ಕಳು ದುಡಿಯುತ್ತಿರುವುದನ್ನು ಕಂಡಿತು. ಆ ಮಕ್ಕಳ ಸಂಕಟವನ್ನು ತೋರಿಸಿ ನಮ್ಮ ಪುತ್ತೂರು, ಸುಳ್ಯದ ಬೀಜ ಮಾರುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿಯ ಅನ್ಯಾಯ ಇಲ್ಲಿಲ್ಲ ಎಂದ ಮಾತ್ರಕ್ಕೆ ಇಲ್ಲಿ ನ್ಯಾಯವಿದೆ ಎಂದಾಗುವುದಿಲ್ಲ. ನಮ್ಮ ಕಡೆಯ ಪ್ರಶ್ನೆ ಬೇರೆ, ಅದನ್ನು ಮೇಲೆ ಬರೆದಿದ್ದೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಗೆಳತಿ ಬೈದಳು. ಇವರು ಸಣ್ಣವರು, ಈಗಷ್ಟೇ ಕಣ್ಣು ಬಿಡುತ್ತಿರುವವರು, ಒಳ್ಳೆಯ ಬೀಜಕ್ಕೆ ಹೆಚ್ಚು ಕೊಡುವವರೂ ಇವರೇ, ದೊಡ್ಡ ಕಂಪನಿಗಳನ್ನು ಬಿಟ್ಟು ಇವರನ್ನೇ ಏಕೆ ಹಿಡಿಯುತ್ತೀ ಎಂದಳು. ಹೆಚ್ಚು ಕೊಡುತ್ತಾರೆಂಬುದನ್ನು ನಂಬುತ್ತೇನೆ. ಹಾಗಿದ್ದರೆ ಬರೆಯಲು ಏನು ಅಡ್ಡಿ? ಅಮೆರಿಕದ ಟಾಜಾ, ಡ್ಯಾಂಡಿಲೈನ್ ಎಂಬ ಚಾಕೊಲೇಟ್ ತಯಾರಕರು ಯಾರಿಂದ ಕೊಂಡೆವು, ಟನ್ನಿಗೆ ಎಷ್ಟು ಕೊಟ್ಟೆವು ಎಂದು ಪ್ರಕಟಿಸಿದ್ದಾರೆ. ಇಲ್ಲಿಯೇ ಚಿಕ್ಕಮಗಳೂರಿನ, ಕೊಡಗಿನ ಕಾಫಿ ಪೊಟ್ಟಣಗಳ ಮೇಲೆ ಎಸ್ಟೇಟಿನ ಹೆಸರು ಬಂದಿದೆ. ದೊಡ್ಡ ಕಂಪನಿ ನೈತಿಕತೆಯ ಹೆಸರಿನಲ್ಲಿ ನನ್ನಿಂದ 380 ರೂಪಾಯಿ ಕೇಳಲಿಲ್ಲ, ಇವರು ಕೇಳಿದರು. ಕೇಳಿದವರು ಉತ್ತರಿಸಬೇಕು.

ಹಸಿ ಬೀಜವನ್ನು ರಾಶಿ ಹಾಕಿ ಹುದುಗು ಬರಿಸುವ ವಿಷಯವನ್ನು ಯಾರೂ ಮಾತನಾಡುವುದಿಲ್ಲ. ಚಾಕೊಲೇಟಿನ ರುಚಿಗೆ ಬುನಾದಿ ಬೀಳುವುದು ಬೀಜ ಹುದುಗುವ ಆ ಐದಾರು ದಿನಗಳಲ್ಲಿ. ರಾಶಿ ದೊಡ್ಡದಿದ್ದರೆ ಮಾತ್ರ ಬೀಜ ತಾನೇ ಬಿಸಿಯೇರುತ್ತದೆ. ಅರ್ಧ ಎಕರೆಯವನ ಒಂದು ಬುಟ್ಟಿ ಬೀಜ ಸರಿಯಾಗಿ ಹುದುಗುವುದಿಲ್ಲ. ನಮ್ಮಲ್ಲಿ ಒಂದು ದೊಡ್ಡ ಕೊಯ್ಲು ಬರುವುದು ಏಪ್ರಿಲಿನಿಂದ ಜೂನ್ ತನಕ, ಮಳೆ ಹಿಡಿಯುವ ಹೊತ್ತಿಗೆ. ಅಂಗಳದಲ್ಲಿ ಒಣಗಲು ಹಾಕಿದ ಬೀಜಕ್ಕೆ ಎರಡು ದಿನ ಬಿಸಿಲು ತಪ್ಪಿದರೆ ಬೂಸ್ಟು. ಹುದುಗಿಸಿ, ಒಣಗಿಸಿ ತನ್ನಿ, ಹೆಚ್ಚು ದರ ಕೊಡುತ್ತೇವೆ ಎನ್ನುವವರು, ಬೂಸ್ಟು ಬಂದ ಮೂಟೆಯ ನಷ್ಟ ಯಾರದು ಎಂಬುದನ್ನೂ ಹೇಳಬೇಕು. ಹಸಿ ಬೀಜವನ್ನೇ ಕೊಂಡು, ಆ ಕೆಲಸವನ್ನೂ ಅಪಾಯವನ್ನೂ ತಾವೇ ಹೊರುವ ತಯಾರಕರಿದ್ದರೆ ಅವರ ಅಂಗಡಿಯ ಮುಂದೆ ನಾನು ಸರತಿಯಲ್ಲಿ ನಿಲ್ಲುತ್ತೇನೆ.

ಆ ಅಂಗಡಿಗೆ ಇವತ್ತು ಬೆಳಿಗ್ಗೆ ಇಮೇಲ್ ಬರೆದಿದ್ದೇನೆ. ಯಾವ ಊರಿನ ಬೀಜ, ಹಸಿಯೋ ಒಣಗಿದ್ದೋ, 2024ರಲ್ಲಿ ಎಷ್ಟು ಕೊಟ್ಟಿರಿ, ದರ ಇಳಿದ ಮೇಲೆ ಅದೇ ಮನೆಗಳಿಂದ ಕೊಂಡಿರಾ ಎಂದು ಕೇಳಿದ್ದೇನೆ. ಉತ್ತರ ಬಂದರೆ ಅಂಗಡಿಯ ಹೆಸರಿನ ಸಮೇತ, ಒಂದಕ್ಷರ ಬದಲಿಸದೆ ಇಲ್ಲಿ ಹಾಕುತ್ತೇನೆ. ಪುತ್ತೂರು, ಸುಳ್ಯ, ಬಂಟ್ವಾಳ, ಬೆಳ್ತಂಗಡಿ ಕಡೆಯವರು ಇಂಥ ತಯಾರಕರಿಗೆ ಬೀಜ ಕೊಟ್ಟಿದ್ದರೆ, ಸಿಕ್ಕಿದ ದರವನ್ನೂ ಮರುವರ್ಷ ಅವರು ಬಂದರೋ ಇಲ್ಲವೋ ಎಂಬುದನ್ನೂ ದಯವಿಟ್ಟು ಕೆಳಗೆ ಬರೆಯಿರಿ.