ದುಡ್ಡು ಗಾಜಿಗಲ್ಲ, ಚಾನೆಲ್ಲಿಗೆ

"ಒಂದು ಕಿಟಕಿ ಕ್ಲೀನ್ ಮಾಡೋಕೆ ಎಷ್ಟಪ್ಪಾ?" ಫೋನಲ್ಲಿ ಎಲ್ಲರೂ ಮೊದಲು ಕೇಳೋದು ಇದನ್ನೇ. ಶುರುವಿನಲ್ಲಿ ನಾನೂ ನೂರು ರೂಪಾಯಿ ಅಂತ ಥಟ್ಟನೆ ಹೇಳಿಬಿಡ್ತಿದ್ದೆ. ಈಗ ಫೋಟೋ ಕಳಿಸಿ ಅಂತೀನಿ. ಗಾಜಿಂದಲ್ಲ, ಕೆಳಗೆ ಗಾಜು ಜಾರೋ ಚಾನೆಲ್ಲಿಂದು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಇರೋದು ಮೂರು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿ. ಎರಡು ಗಾಜು, ಒಂದು ಸೊಳ್ಳೆ ಮೆಶ್. ಗಾಜಿಗೆ ಐದು ನಿಮಿಷ ಸಾಕು. ಚಾನೆಲ್ ಇದೆಯಲ್ಲ, ಅದು ಪ್ರಾಣ ತಿನ್ನುತ್ತೆ. ಎದುರು ಸೈಟಿನ ಸಿಮೆಂಟ್ ಧೂಳು ಮಳೆನೀರಲ್ಲಿ ಕಲಸಿ ಗಟ್ಟಿಯಾಗಿ ಕೂತಿರುತ್ತೆ. ಅದರ ಮೇಲೆ ಪಾರಿವಾಳದ ಹಿಕ್ಕೆ, ಒಣಗಿದ ಹಲ್ಲಿಮರಿ, ಒಂದ್ಸಲ ಓಲೆಯ ತಿರುಪು ಕೂಡ ಸಿಕ್ಕಿತ್ತು (ಆ ಮನೆಯವರು ಅದಕ್ಕೆ ಕೊಟ್ಟ ಕಾಫಿ ಮಾತ್ರ ಚೆನ್ನಾಗಿತ್ತು). ಹಳೇ ಹಲ್ಲುಜ್ಜೋ ಬ್ರಶ್ಶು, ಬಟ್ಟೆ ಸುತ್ತಿದ ಸ್ಕ್ರೂಡ್ರೈವರ್ ಹಿಡ್ಕೊಂಡು ಕೆರೀತಾ ಕೂರಬೇಕು. ನೀರು ಹೊರಗೆ ಹೋಗೋ ಸಣ್ಣ ತೂತು ಕಟ್ಟಿದ್ರೆ ಅದನ್ನೂ ಬಿಡಿಸಬೇಕು. ಇಲ್ಲಾಂದ್ರೆ ಮುಂದಿನ ಮಳೆಗೆ ನೀರು ಮನೆಯೊಳಗೆ ಬರುತ್ತೆ, ಬೈಗುಳ ನನಗೆ ಬರುತ್ತೆ.

ಇದು ಗೊತ್ತಿಲ್ಲದೆ ಒಂದು ಮೂರು ಬೆಡ್‌ರೂಮಿನ ಮನೆಗೆ 12 ಕಿಟಕಿ, 1200 ರೂಪಾಯಿ ಅಂದುಬಿಟ್ಟಿದ್ದೆ. ಬೆಳಿಗ್ಗೆ 9ಕ್ಕೆ ಹೋದ ನಾನು, ನನ್ನ ಹುಡುಗ ಕೆಳಗಿಳಿದಾಗ ಸಂಜೆ 6. ಹುಡುಗನಿಗೆ 800, ಪೆಟ್ರೋಲು, ಲಿಕ್ವಿಡ್ಡಿಗೆ 150. ನನ್ನ ಪಾಲಿಗೆ 250. ಹೂ ಕಟ್ಟಿದ್ರೂ ಜಾಸ್ತಿ ಸಿಗ್ತಿತ್ತೇನೋ.

ಆಮೇಲೆ ನೀರಿನ ಕಥೆ. ಬೋರ್‌ವೆಲ್ ಮನೆಯಾದರೆ ಬಾಲ್ಕನಿ ತೊಳೆಯುವಾಗ ಹಾರಿದ ಹನಿ ಗಾಜಿನ ಮೇಲೆ ಒಣಗಿ, ಸುಣ್ಣದಂಥ ಬಿಳಿ ಚುಕ್ಕೆ ಉಳಿದಿರುತ್ತೆ. ಅದು ಸೋಪಿಗೆ ಬಗ್ಗಲ್ಲ, ಸಿಟ್ರಿಕ್ ಆಸಿಡ್ ಬೇಕು. ಅದೋ, ಕೆಳಗೆ ಮಾರ್ಬಲ್ ಇದ್ದರೆ ಅದರ ಹೊಳಪನ್ನೂ ತಿಂದುಹಾಕುತ್ತೆ, ಮೊದಲು ಪ್ಲಾಸ್ಟಿಕ್ ಹಾಸಿ ಟೇಪ್ ಹೊಡೀಬೇಕು. ಹಾಗಾಗಿ ಬೋರ್‌ವೆಲ್ ಮನೆಗೆ ನನ್ನ ರೇಟು ಜಾಸ್ತಿ. 2024ರ ಅಕ್ಟೋಬರಲ್ಲಿ ಕಾವೇರಿ ಕುಡಿಯೋ ನೀರಿನ 5ನೇ ಹಂತ ಶುರುವಾಯ್ತಲ್ಲ, ಊರಂಚಿನ 110 ಹಳ್ಳಿಗಳಿಗೆ ಅಂತ. ಆ ನೀರು ಮನೆಮನೆಗೂ ಬಂದ್ರೆ ನನ್ನ ಈ ಸಂಪಾದನೆಗೆ ಕತ್ತರಿ. ಬೀಳಲಿ ಬಿಡಿ, ಅದು ಸೊಂಟ ಮುರಿಯೋ ಕೆಲಸ.

ಈಗ ಒಂದು ಮನೆಗೆ 1500ಕ್ಕಿಂತ ಕಮ್ಮಿಗೆ ಗಾಡಿ ತೆಗೆಯಲ್ಲ. ಮೊದಲ ಸಲಕ್ಕೆ ಪೂರ್ತಿ ರೇಟು, ಮೂರು ತಿಂಗಳೊಳಗೆ ಮತ್ತೆ ಕರೆದರೆ ಕಮ್ಮಿ. ಎರಡನೇ ಸಲ ಚಾನೆಲ್ಲಲ್ಲಿ ಬರೀ ಧೂಳಿರುತ್ತೆ, ಅರ್ಧ ಹೊತ್ತು ಸಾಕು.

"ನಮ್ಮ ಕೆಲಸದವಳು ನ್ಯೂಸ್‌ಪೇಪರಲ್ಲೇ ಒರೆಸ್ತಾಳೆ, ನೀನೇನು ಇಷ್ಟು ಹೇಳ್ತೀಯ?" ಅಂದ್ರು ಒಬ್ಬ ಆಂಟಿ. "ಒರೆಸಲಿ ಆಂಟಿ, ಚೆನ್ನಾಗೇ ಆಗುತ್ತೆ" ಅಂದೆ. ಸುಳ್ಳಲ್ಲ, ಗಾಜು ಚೆನ್ನಾಗೇ ಆಗುತ್ತೆ. ಚೌಕಾಸಿ ಮಾಡಿದವರಿಗೆಲ್ಲ ಇಳಿಸ್ತಾ ಹೋದ್ರೆ, ಬಾಯಿ ಜೋರಿರೋರಿಗೆ ಒಂದು ರೇಟು, ಸಂಕೋಚದವರಿಗೆ ಒಂದು ರೇಟು ಅಂತಾಗುತ್ತೆ. ಅದು ನನಗೆ ಆಗಿಬರಲ್ಲ. ಮತ್ತೆ ಕರೆಯೋರನ್ನು ಬಿಟ್ಟರೆ, ಇಳಿಸೋದು ಒಂದಕ್ಕೇ: ಅದೇ ಟವರಿನಲ್ಲಿ ಅದೇ ದಿನ ಇನ್ನೊಂದು ಮನೆ ಸೇರಿಸಿಕೊಟ್ಟರೆ ಇಬ್ಬರಿಗೂ 200 ಕಮ್ಮಿ. ಗೇಟಲ್ಲಿ ಎಂಟ್ರಿ ಒಂದೇ ಸಲ, ಏಣಿ ಹೊರೋದೂ ಒಂದೇ ಸಲ. ಸಿಲ್ಕ್ ಬೋರ್ಡ್ ಕಡೆಯಿಂದ ಹೆಬ್ಬಾಳಕ್ಕೆ ಹೋಗಿ ಬರೋ ಹೊತ್ತಲ್ಲಿ ಒಂದು ಮನೆಯೇ ಮುಗಿಯುತ್ತೆ. ಪ್ಯಾಂಪ್ಲೆಟ್ ಹಂಚಿ ಕಳಕೊಂಡ ದುಡ್ಡು ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ಆ ಟವರುಗಳ ವಾಟ್ಸಾಪ್ ಗುಂಪೇ ಈಗ ನನಗೆ ಅನ್ನ ಹಾಕ್ತಿರೋದು.

ಒಂಬತ್ತನೇ ಮಹಡಿಯಲ್ಲಿ ಒಬ್ಬರು, "ಆ ಫಿಕ್ಸೆಡ್ ಗಾಜಿನ ಹೊರಗಡೆನೂ ಮಾಡಿಬಿಡಿ, ಸಜ್ಜಾ ಇದೆಯಲ್ಲ, ನಿಮ್ಮ ಹುಡುಗ ತೆಳ್ಳಗಿದ್ದಾನೆ, ಐನೂರು ಜಾಸ್ತಿ ಕೊಡ್ತೀನಿ" ಅಂದ್ರು. ಹುಡುಗ ಆಗಲೇ ಚಪ್ಪಲಿ ಬಿಡ್ತಿದ್ದ. ಕೈ ಹಿಡಿದು ಎಳೆದೆ. ಅದಕ್ಕೆ ಹಗ್ಗ ಕಟ್ಟಿಕೊಂಡು ಇಳಿಯೋರು ಬೇರೆ ಇದ್ದಾರೆ ಸಾರ್ ಅಂತ ಅವರ ನಂಬರ್ ಕೊಟ್ಟು, ಬಕೆಟ್ ಎತ್ಕೊಂಡು ಲಿಫ್ಟಿಗೆ ಬಂದ್ವಿ.