ಪ್ರಜಾಪ್ರಭುತ್ವ ಬೇಕು, ಪ್ರಜೆಗಳ ಕಾಟ ಬೇಡ

ಪ್ರಜಾಪ್ರಭುತ್ವಕ್ಕೆ ಈ ಭೂಮಿಯ ಮೇಲೆ ಈಗ ವೈರಿಗಳೇ ಉಳಿದಿಲ್ಲ. ಚುನಾಯಿತ ಸರ್ಕಾರವನ್ನು ಕಿತ್ತೊಗೆಯುವ ಸೇನಾಧಿಕಾರಿ ಕೂಡ ಅದರ ನಾಮಸ್ಮರಣೆ ಮಾಡದೆ ಟ್ಯಾಂಕ್ ಹತ್ತುವುದಿಲ್ಲ. 2006ರಲ್ಲಿ ಥಾಯ್ಲೆಂಡಿನ ಸೇನೆ, ಪ್ರಧಾನಿ ನ್ಯೂಯಾರ್ಕಿನಲ್ಲಿದ್ದ ಹೊತ್ತು ನೋಡಿ ಅಧಿಕಾರ ಹಿಡಿಯಿತು. ಸಂವಿಧಾನ ರದ್ದಾಯಿತು, ಬರಲಿದ್ದ ಚುನಾವಣೆಯೂ ರದ್ದಾಯಿತು. ಇಷ್ಟೆಲ್ಲ ಮಾಡಿದವರು ತಮಗೆ ಇಟ್ಟುಕೊಂಡ ಹೆಸರು ಪ್ರಜಾಪ್ರಭುತ್ವ ಸುಧಾರಣಾ ಮಂಡಳಿ. ಸುಧಾರಿಸಬೇಕಾದದ್ದನ್ನೇ ಮೊದಲು ತೆಗೆದುಹಾಕಿಬಿಟ್ಟರೆ ಕೆಲಸ ಎಷ್ಟು ಹಗುರ ನೋಡಿ!

ಜನಸಾಮಾನ್ಯರೇನೂ ಹಿಂದೆ ಬಿದ್ದಿಲ್ಲ. ವರ್ಲ್ಡ್ ವ್ಯಾಲ್ಯೂಸ್ ಸರ್ವೆ ಎಂಬ ಸಮೀಕ್ಷೆ ದಶಕಗಳಿಂದ ದೇಶದೇಶಗಳಲ್ಲಿ ಜನರ ಮನಸ್ಸು ಕೆದಕುತ್ತಿದೆ. ಪ್ರಜಾಪ್ರಭುತ್ವ ಇರುವ ದೇಶದಲ್ಲಿ ಬದುಕುವುದು ನಿಮಗೆ ಎಷ್ಟು ಮುಖ್ಯ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರೆ ಯಾವ ದೇಶದವರೂ ಕೈ ಬಿಗಿ ಹಿಡಿಯುವುದಿಲ್ಲ. ತಮಾಷೆ ಇರುವುದು ಮುಂದಿನ ಪಟ್ಟಿಯಲ್ಲಿ. ಪ್ರಜಾಪ್ರಭುತ್ವಕ್ಕೆ ಅತ್ಯಗತ್ಯವಾದ ಲಕ್ಷಣ ಯಾವುದು, ಒಂದೊಂದಕ್ಕೂ ಅಂಕ ಹಾಕಿ ಎನ್ನುತ್ತಾರೆ. ಮುಕ್ತ ಚುನಾವಣೆ, ನಾಗರಿಕ ಹಕ್ಕು, ಹೆಂಗಸರಿಗೂ ಗಂಡಸರಷ್ಟೇ ಹಕ್ಕು ಎಂದೆಲ್ಲ ಸಾಗುವ ಪಟ್ಟಿಯ ನಡುವೆ ಮೆತ್ತಗೆ ಇನ್ನೆರಡು ಸಾಲು ಕೂತಿರುತ್ತವೆ: ಸರ್ಕಾರ ಅಸಮರ್ಥವಾದರೆ ಸೇನೆ ಅಧಿಕಾರ ವಹಿಸಿಕೊಳ್ಳುವುದು, ಜನ ಆಳುವವರ ಮಾತು ಕೇಳಿಕೊಂಡಿರುವುದು. ಚುನಾವಣೆಗೆ ಒಂಬತ್ತು ಕೊಟ್ಟ ಕೈಯೇ ವಿಧೇಯತೆಗೂ ಎಂಟು ಕೊಟ್ಟು ಪೆನ್ನಿನ ಮುಚ್ಚಳ ಹಾಕಿದರೆ ಆಶ್ಚರ್ಯಪಡಬೇಕಿಲ್ಲ.

2017ರಲ್ಲಿ ಅಮೆರಿಕದ ಪ್ಯೂ ಎಂಬ ಸಮೀಕ್ಷಾ ಸಂಸ್ಥೆ 38 ದೇಶಗಳಲ್ಲಿ ಇಂಥದ್ದೇ ಪ್ರಶ್ನೆಗಳನ್ನು ಕೇಳಿತ್ತು. ಭಾರತದಲ್ಲಿ ಉತ್ತರ ಕೊಟ್ಟವರಲ್ಲಿ ಸರಿಸುಮಾರು ಮುಕ್ಕಾಲು ಪಾಲು ಜನ, ಆರಿಸಿ ಕಳಿಸಿದ ಪ್ರತಿನಿಧಿಗಳು ಆಳುವುದೇ ಒಳ್ಳೆಯದು ಎಂದರು. ಭೇಷ್. ಸಂಸತ್ತು, ನ್ಯಾಯಾಲಯಗಳ ಅಡ್ಡಗಾಲಿಲ್ಲದೆ ತೀರ್ಮಾನ ಕೈಗೊಳ್ಳುವ ಬಲಿಷ್ಠ ನಾಯಕ ಒಳ್ಳೆಯದು ಎಂದವರು ನೂರಕ್ಕೆ 55. ಸೇನೆಯ ಆಡಳಿತ ಒಳ್ಳೆಯದು ಎಂದವರು ನೂರಕ್ಕೆ 53. ಎರಡನ್ನೂ ಕೂಡಿಸಿದರೆ 108. ಅಂದರೆ ನೂರರಲ್ಲಿ ಕನಿಷ್ಠ ಎಂಟು ಮಂದಿಗೆ ಯಾರಿಗೂ ತಲೆಬಾಗದ ನಾಯಕನೂ ಬೇಕು, ಅವನನ್ನು ಇಳಿಸಬಲ್ಲ ಸೇನೆಯೂ ಬೇಕು. ಇವರನ್ನು ಗೊಂದಲದಲ್ಲಿದ್ದಾರೆ ಎನ್ನುವವರಿದ್ದಾರೆ. ನನಗಂತೂ ಹಾಗನ್ನಿಸುವುದಿಲ್ಲ. ಬಲಿಷ್ಠ ನಾಯಕ ಎಂದಾಕ್ಷಣ ಪ್ರತಿಯೊಬ್ಬನ ಕಣ್ಮುಂದೆ ಬರುವುದು ತಾನು ಮೆಚ್ಚಿದ ನಾಯಕನ ಮುಖ. ಎದುರು ಪಕ್ಷದವನಿಗೂ ಅದೇ ಕುರ್ಚಿ, ಅದೇ ಬಲ ಸಿಗಬಹುದು ಎಂದು ಲೆಕ್ಕ ಹಾಕುವಷ್ಟು ಹೊತ್ತು ಸಮೀಕ್ಷೆಯವರು ಬಾಗಿಲಲ್ಲಿ ನಿಲ್ಲುವುದಿಲ್ಲ.

ಇನ್ನು ಹೆತ್ತವರಿಗೆ ಹೆಗ್ಗಣ ಮುದ್ದು. 2021ರ ಡಿಸೆಂಬರಿನಲ್ಲಿ ಅಮೆರಿಕ ನೂರಕ್ಕೂ ಹೆಚ್ಚು ದೇಶಗಳನ್ನು ಕರೆದು ಪ್ರಜಾಪ್ರಭುತ್ವ ಶೃಂಗಸಭೆ ನಡೆಸಿತು. ಸೋತ ಅಧ್ಯಕ್ಷರ ಬೆಂಬಲಿಗರು ಸಂಸತ್ ಭವನದ ಕಿಟಕಿ ಒಡೆದು ಒಳನುಗ್ಗಿದ್ದು ಅದೇ ವರ್ಷದ ಜನವರಿಯಲ್ಲಿ. ಅದೇ ಭವನವಿರುವ ರಾಜಧಾನಿಯ ನಿವಾಸಿಗಳಿಗೆ ಎರಡು ಸದನಗಳ ಪೈಕಿ ಯಾವುದರಲ್ಲೂ ಮತ ಹಾಕಬಲ್ಲ ಒಬ್ಬನೇ ಒಬ್ಬ ಪ್ರತಿನಿಧಿಯಿಲ್ಲ. ತೆರಿಗೆ ಉಂಟು, ಪ್ರಾತಿನಿಧ್ಯ ಇಲ್ಲ ಎಂಬ ದೂರನ್ನು ಅವರು ಕಾರಿನ ನಂಬರ್ ಪ್ಲೇಟಿನ ಮೇಲೆ ಬರೆಸಿಕೊಂಡು ಓಡಾಡುತ್ತಾರೆ. ಶೃಂಗಸಭೆಗೆ ಕರೆ ಬಾರದ ಚೀನಾ ಸುಮ್ಮನಿರಲಿಲ್ಲ. ಸಭೆಗೆ ಕೆಲವೇ ದಿನ ಮೊದಲು ಶ್ವೇತಪತ್ರ ಹೊರಡಿಸಿ, ತಮ್ಮದು ಸಮಗ್ರ ಪ್ರಕ್ರಿಯೆಯ ಜನತಾ ಪ್ರಜಾಪ್ರಭುತ್ವ ಎಂದು ಸಾರಿತು. ಉಳಿದವರದು ಮತದಾನದ ದಿನ ಮಾತ್ರ ಎಚ್ಚರವಾಗಿ ಆಮೇಲೆ ಮಲಗುವ ಪ್ರಜಾಪ್ರಭುತ್ವವಂತೆ. ಆ ತೊಂದರೆ ಅವರಿಗಿಲ್ಲ. ಎಚ್ಚರಗೊಳಿಸುವ ದಿನವನ್ನೇ ಇಟ್ಟುಕೊಂಡಿಲ್ಲ.

ಸ್ವಿಟ್ಜರ್ಲೆಂಡ್ ಎಲ್ಲವನ್ನೂ ಜನರನ್ನೇ ಕೇಳಿ ಮಾಡುವ ದೇಶ. ಹೆಂಗಸರಿಗೆ ಮತದ ಹಕ್ಕು ಕೊಡೋಣವೇ ಎಂದು 1959ರಲ್ಲಿ ಗಂಡಸರನ್ನು ಕೇಳಿತು. ಮೂರರಲ್ಲಿ ಎರಡು ಪಾಲು ಗಂಡಸರು ಬೇಡ ಎಂದರು. ಹಕ್ಕು ಸಿಕ್ಕಿದ್ದು 1971ರಲ್ಲಿ. ಆಪೆನ್‌ಸೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಪ್ರಾಂತ್ಯದ ಗಂಡಸರು ಸ್ಥಳೀಯ ಮತದಾನದಲ್ಲಿ 1990ರವರೆಗೂ ಪಟ್ಟು ಬಿಡಲಿಲ್ಲ. ಕೊನೆಗೆ ನ್ಯಾಯಾಲಯವೇ ಹೇಳಬೇಕಾಯಿತು.

ನನಗೆ ತೀರಾ ಇಷ್ಟವಾದದ್ದು ಬ್ರಿಟನ್ನಿನ ಒಂದು ಉಪಚುನಾವಣೆ. ಅಲ್ಲಿಯ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಿಂದ ವಂಶಪಾರಂಪರ್ಯದ ಪ್ರಭುಗಳನ್ನು 1999ರಲ್ಲಿ ಹೊರಗೆ ಕಳಿಸಿದರಾದರೂ 92 ಸ್ಥಾನ ಉಳಿಸಿಕೊಂಡರು. ಅದರಲ್ಲೊಂದು ತೆರವಾದರೆ ಆಗೆಲ್ಲ ಚುನಾವಣೆ ನಡೆಯುತ್ತಿತ್ತು; ನಿಲ್ಲುತ್ತಿದ್ದವರೂ ಪ್ರಭುಗಳೇ, ಮತ ಹಾಕುತ್ತಿದ್ದವರೂ ಪ್ರಭುಗಳೇ. 1999ರಲ್ಲಿ ಹೊರಬಿದ್ದವರಲ್ಲಿ ವೈಕೌಂಟ್ ಥರ್ಸೊ ಒಬ್ಬರು. ಅವರು 2001ರಲ್ಲಿ ಜನರಿಂದ ಆರಿಸಿಬಂದು ಕೆಳಮನೆ ಸೇರಿದರು. 2015ರಲ್ಲಿ ಅದೇ ಜನ ಸೋಲಿಸಿ ಮನೆಗೆ ಕಳಿಸಿದರು. 2016ರಲ್ಲಿ ಲಿಬರಲ್ ಡೆಮಾಕ್ರಟ್ ಪ್ರಭುಗಳ ಪಾಲಿನ ಒಂದು ಸ್ಥಾನ ತೆರವಾಯಿತು. ಕಣದಲ್ಲಿ ಏಳು ಅಭ್ಯರ್ಥಿಗಳು. ಮತದಾರರು ಮೂವರು. ಮೂರೂ ಮತ ಥರ್ಸೊ ಅವರಿಗೆ ಬಿದ್ದವು, ಉಳಿದ ಆರೂ ಮಂದಿಗೆ ಸೊನ್ನೆ. ಸಾವಿರಾರು ಮಂದಿ ಸೇರಿ ಮಾಡಿದ್ದ ತಪ್ಪನ್ನು ಮೂವರು ಒಂದೇ ವರ್ಷದಲ್ಲಿ ತಿದ್ದಿದರು.

ನೂರಕ್ಕೆ ನೂರು ಮತದಾನ, ಒಬ್ಬರಿಗೇ ನೂರಕ್ಕೆ ನೂರು ಮತ. ಇಂಥ ಒಗ್ಗಟ್ಟು ಬೇರೆಲ್ಲಿ ಕಾಣಲು ಸಾಧ್ಯ ಎಂದರೆ, 2014ರಲ್ಲಿ ಕಿಮ್ ಜಾಂಗ್ ಉನ್ ನಿಂತ ಕ್ಷೇತ್ರದಲ್ಲಿ. ಉತ್ತರ ಕೊರಿಯಾ ಆಮೇಲೆ ಇನ್ನಷ್ಟು ಉದಾರವಾಯಿತು. 2023ರ ಸ್ಥಳೀಯ ಚುನಾವಣೆಯಲ್ಲಿ ಒಪ್ಪಿಗೆಗೊಂದು, ವಿರೋಧಕ್ಕೊಂದು ಪೆಟ್ಟಿಗೆ ಇಟ್ಟು, ಪ್ರಾಂತ್ಯ ಮಟ್ಟದಲ್ಲಿ ನೂರಕ್ಕೆ 0.09ರಷ್ಟು ಮಂದಿ ವಿರೋಧಿಸಿದರೆಂದು ಸರ್ಕಾರವೇ ಪ್ರಕಟಿಸಿತು. ಮತದಾನ ಗುಪ್ತವೆಂದು ಇಟ್ಟುಕೊಳ್ಳೋಣ. ಆ ಎರಡನೇ ಪೆಟ್ಟಿಗೆಯತ್ತ ನಡೆದುಹೋದ ಕಾಲುಗಳ ಧೈರ್ಯಕ್ಕೆ ನನ್ನ ನಮಸ್ಕಾರ. 1927ರಲ್ಲಿ ಲೈಬೀರಿಯಾ ನೂರರ ಗಡಿಯನ್ನೇ ದಾಟಿತ್ತು. ನೋಂದಾಯಿತ ಮತದಾರರು ಸುಮಾರು 15,000. ಗೆದ್ದ ಅಧ್ಯಕ್ಷರಿಗೆ ಬಿದ್ದ ಮತ ಎರಡು ಲಕ್ಷಕ್ಕೂ ಮೇಲೆ.

ಇವೆಲ್ಲ ಹಳೇ ಪದ್ಧತಿ. ಸಂಸತ್ತು ಬೇಡ, ನ್ಯಾಯಾಲಯ ಬೇಡ ಎನ್ನುವವರಿಗೆ ತಂತ್ರಜ್ಞಾನದ ಯುಗದಲ್ಲಿ ಅಜರ್‌ಬೈಜಾನ್ ದಾರಿ ತೋರಿಸಿದೆ. ಅಲ್ಲಿಯ ಚುನಾವಣಾ ಆಯೋಗ 2013ರಲ್ಲಿ ಫಲಿತಾಂಶ ತಿಳಿಯಲೆಂದು ಮೊಬೈಲ್ ಆಪ್ ಬಿಡುಗಡೆ ಮಾಡಿತು. ಜನ ತೆರೆದು ನೋಡಿದರೆ ಅಧ್ಯಕ್ಷ ಇಲ್ಹಾಮ್ ಅಲಿಯೆವ್ ನೂರಕ್ಕೆ 72.76 ಮತ ಪಡೆದು ಗೆದ್ದಾಗಿತ್ತು. ಮತದಾನ ಇದ್ದದ್ದು ಮರುದಿನ. ಅದು ಬರೀ ಪ್ರಯೋಗಕ್ಕೆ ಹಾಕಿದ್ದ ಅಂಕಿ ಎಂಬ ವಿವರಣೆ ಬಂತು. ನಂಬದ ಕುಹಕಿಗಳ ಬಾಯಿಯನ್ನು ಮತದಾರರೇ ಮುಚ್ಚಿಸಿದರು: ಬೂತುಗಳಿಗೆ ಹೋಗಿ, ಸಾಲಿನಲ್ಲಿ ನಿಂತು, ಅದನ್ನು 84ರ ಆಚೆಗೆ ಒಯ್ದರು.